ಕೂಝಾಂ ಕಟ್ಟಿದ ತರಗತಿ: 19ನೇ ಶತಮಾನದ ಫ್ರಾನ್ಸಿನಲ್ಲಿ ಸಾರಸಂಗ್ರಹವಾದ

ಫ್ರೆಂಚ್ ತತ್ವಚಿಂತನೆಯ ಚರಿತ್ರೆ ಹೇಳುವವರು ಸಾಮಾನ್ಯವಾಗಿ ವೋಲ್ತೇರ್, ರೂಸೋ ಅವರಿಂದ ಆಗುಸ್ತ್ ಕೋಂತ್‌ಗೆ ಬರುತ್ತಾರೆ, ಅಲ್ಲಿಂದ ಬೆರ್ಗ್‌ಸನ್‌ಗೆ ಹಾರುತ್ತಾರೆ. ಆದರೆ 1840ರ ಸುಮಾರಿಗೆ ಫ್ರಾನ್ಸಿನ ಸರ್ಕಾರಿ ಕಾಲೇಜೊಂದರಲ್ಲಿ ತತ್ವಶಾಸ್ತ್ರ ಓದುತ್ತಿದ್ದ ಹುಡುಗನಿಗೆ ಪಾಠದಲ್ಲಿ ಕೋಂತ್ ಸಿಗುತ್ತಿರಲಿಲ್ಲ. ಕೋಂತ್‌ಗೆ ತತ್ವಶಾಸ್ತ್ರದ ಪೀಠ ಎಂದೂ ದೊರೆಯಲಿಲ್ಲ. ಆ ಹುಡುಗ ಓದುತ್ತಿದ್ದ ವಿಷಯಗಳ ಕ್ರಮ, ಅವನ ಪರೀಕ್ಷೆಯ ಪ್ರಶ್ನೆಗಳು, ಅವನ ಮೇಷ್ಟರ ನೇಮಕ ಎಲ್ಲವೂ ಒಬ್ಬನೇ ವ್ಯಕ್ತಿಯ ಕೈಯಿಂದ ಬಂದವು. ಅವನು ವಿಕ್ತೋರ್ ಕೂಝಾಂ. ತನ್ನ ದರ್ಶನಕ್ಕೆ ಅವನು ಇಟ್ಟ ಹೆಸರು ಎಕ್ಲೆಕ್ಟಿಸಿಸಂ. ಎಲ್ಲ ದರ್ಶನಗಳಿಂದಲೂ ಸತ್ಯಾಂಶವನ್ನು ಆಯ್ದು ಕೂಡಿಸುವ ಪದ್ಧತಿ ಅದು. ಇಲ್ಲಿ ಅದನ್ನು ಸಾರಸಂಗ್ರಹವಾದ ಎಂದು ಕರೆಯುತ್ತೇನೆ.

ಈ ಪದ್ಧತಿಯನ್ನು ಇಂದು ಯಾರೂ ಸಮರ್ಥಿಸುವುದಿಲ್ಲ. ಹಾಗೆಂದು ಬದಿಗೆ ಸರಿಸಿಬಿಡುವುದು ಅನ್ಯಾಯ. ವಿಶ್ಲೇಷಣೆಯಲ್ಲಿ ಕೂಝಾಂ ನಿಜಕ್ಕೂ ಸೂಕ್ಷ್ಮಮತಿ. ಆಯ್ಕೆಯ ಸಿದ್ಧಾಂತದಲ್ಲಿ ಅವನು ಸೋತ. ಆ ಸೋಲನ್ನು ಶಿಕ್ಷಣ ಇಲಾಖೆಯ ಅಧಿಕಾರ ಸುಮಾರು ಇಪ್ಪತ್ತು ವರ್ಷ ಮುಚ್ಚಿಟ್ಟಿತು. ಈ ಮೂರು ಮಾತುಗಳನ್ನು ಬಿಡಿಸಿ ಹೇಳುವುದಷ್ಟೇ ಈ ಉಪನ್ಯಾಸದ ಕೆಲಸ.

ಮೊದಲು ಹಿನ್ನೆಲೆ, ಚುಟುಕಾಗಿ. 18ನೇ ಶತಮಾನದ ಕೊನೆಯ ಹೊತ್ತಿಗೆ ಫ್ರಾನ್ಸಿನಲ್ಲಿ ಕೊಂದಿಯಾಕ್‌ನ ಮತ ಗಟ್ಟಿಯಾಗಿ ಬೇರೂರಿತ್ತು. 1754ರ ತನ್ನ ಗ್ರಂಥದಲ್ಲಿ ಅವನು ಒಂದು ಶಿಲಾಪ್ರತಿಮೆಯನ್ನು ಕಲ್ಪಿಸಿಕೊಂಡು, ಅದಕ್ಕೆ ಮೊದಲು ವಾಸನೆಯನ್ನು, ಆಮೇಲೆ ಒಂದೊಂದಾಗಿ ಉಳಿದ ಇಂದ್ರಿಯಗಳನ್ನು ಕೊಟ್ಟು, ಸ್ಮೃತಿ, ಹೋಲಿಕೆ, ತೀರ್ಮಾನ, ಬಯಕೆ ಎಲ್ಲವೂ ರೂಪಾಂತರಗೊಂಡ ಸಂವೇದನೆಗಳೇ ಎಂದು ತೋರಿಸಲು ಹೊರಟಿದ್ದ. ದೆಸ್ತ್ಯುತ್ ದ ತ್ರಾಸಿ, ಕಬಾನಿಸ್ ಮೊದಲಾದವರು ಆ ದಾರಿಯನ್ನೇ ಮುಂದುವರಿಸಿದರು. ಕ್ರಾಂತಿಯ ರಕ್ತಪಾತದ ನಂತರ ಇದಕ್ಕೆ ಎದುರಾಗಿ ಎದ್ದವರು ದ ಮೇಸ್ತ್ರ್, ಬೊನಾಲ್ದ್, ಲಾಮನೇ ಮುಂತಾದ ಕ್ಯಾಥೊಲಿಕ್ ಚಿಂತಕರು. ವ್ಯಕ್ತಿಯ ಬುದ್ಧಿಯನ್ನು ನಂಬಿದ್ದರಿಂದಲೇ ಅನಾಹುತವಾಯಿತು, ಪರಂಪರೆಗೆ ಮತ್ತು ಚರ್ಚಿಗೆ ಮರಳಬೇಕು ಎಂಬುದು ಅವರ ವಾದ. ಇವೆರಡೂ ಬೇಡವೆಂದವರಿಗೆ 1811ರಿಂದ 1814ರವರೆಗೆ ಸೊರ್ಬೊನ್‌ನಲ್ಲಿ ಪಾಠ ಮಾಡಿದ ರ್ವಾಯೆ-ಕೊಲಾರ್ ಒಂದು ದಾರಿ ತೋರಿಸಿದ. ಸ್ಕಾಟ್ಲೆಂಡಿನ ಥಾಮಸ್ ರೀಡ್‌ನ ಸಾಮಾನ್ಯಬುದ್ಧಿಯ ದರ್ಶನವನ್ನು ಅವನು ಪ್ಯಾರಿಸ್ಸಿಗೆ ತಂದ.

ಕೂಝಾಂ ಹುಟ್ಟಿದ್ದು 1792ರ ನವೆಂಬರ್ 28ರಂದು, ಪ್ಯಾರಿಸ್ಸಿನ ಬಡ ಕುಶಲಕರ್ಮಿಯ ಮನೆಯಲ್ಲಿ. 1810ರಲ್ಲಿ ಅಧ್ಯಾಪಕರನ್ನು ತಯಾರಿಸುವ ಎಕೋಲ್ ನಾರ್ಮಾಲ್ ಸೇರಿದ. ಆ ವರ್ಷಗಳಲ್ಲಿ ಲಾರೊಮಿಗಿಯೇರ್ ಅವನಿಗೆ ಕೊಂದಿಯಾಕ್‌ನನ್ನು ತಿದ್ದಿ ಕಲಿಸಿದ, ರ್ವಾಯೆ-ಕೊಲಾರ್ ರೀಡ್‌ನನ್ನು ಕೊಟ್ಟ, ಮೇನ್ ದ ಬಿರಾಂ ಸಂಕಲ್ಪಶಕ್ತಿಯ ಕಡೆಗೆ ಕಣ್ಣು ತೆರೆಸಿದ. 1815ರಲ್ಲಿ, ಇನ್ನೂ 23 ತುಂಬುತ್ತಿದ್ದಾಗಲೇ, ರ್ವಾಯೆ-ಕೊಲಾರ್‌ನ ಬದಲಿಗೆ ಸೊರ್ಬೊನ್‌ನಲ್ಲಿ ಉಪನ್ಯಾಸಕನಾದ. 1817ರಲ್ಲಿ ಜರ್ಮನಿಗೆ ಹೋಗಿ ಹೈಡೆಲ್‌ಬರ್ಗ್‌ನಲ್ಲಿ ಹೆಗೆಲ್‌ನನ್ನೂ, ಮರುವರ್ಷ ಮ್ಯೂನಿಕ್‌ನಲ್ಲಿ ಶೆಲ್ಲಿಂಗ್ ಮತ್ತು ಯಾಕೋಬಿಯನ್ನೂ ಕಂಡ. 1820ರಲ್ಲಿ ರಾಜಸತ್ತೆಯ ಉಗ್ರಪಕ್ಷ ಮೇಲುಗೈ ಪಡೆದಾಗ ಅವನ ಪಾಠ ನಿಂತಿತು. 1822ರಲ್ಲಿ ಎಕೋಲ್ ನಾರ್ಮಾಲ್ ಕೂಡ ಮುಚ್ಚಿತು. 1824ರ ಅಕ್ಟೋಬರಿನಲ್ಲಿ ಡ್ರೆಸ್ಡೆನ್‌ನಲ್ಲಿ, ರಹಸ್ಯ ಕ್ರಾಂತಿಕೂಟದವನೆಂಬ ಗುಮಾನಿಯ ಮೇಲೆ ಬಂಧಿಸಿ ಬರ್ಲಿನ್ನಿಗೆ ಒಯ್ದರು. ಆಗ ಪ್ರಷ್ಯದ ಗೃಹಮಂತ್ರಿಗೆ ಪತ್ರ ಬರೆದು ಅವನ ಪರವಾಗಿ ನಿಂತವನು ಹೆಗೆಲ್.

ಪಾಠ ನಿಂತ ಆ ವರ್ಷಗಳಲ್ಲಿ ಅವನು ಮಾಡಿದ ಕೆಲಸವನ್ನು ಮರೆಯಬಾರದು. ಪ್ರಾಚೀನ ಗ್ರೀಕ್ ದಾರ್ಶನಿಕ ಪ್ರೊಕ್ಲಸ್‌ನ ಗ್ರಂಥಗಳನ್ನು ಆರು ಸಂಪುಟಗಳಲ್ಲಿ, ದೆಕಾರ್ತ್‌ನ ಕೃತಿಗಳನ್ನು ಹನ್ನೊಂದು ಸಂಪುಟಗಳಲ್ಲಿ ಸಂಪಾದಿಸಿದ. ಪ್ಲೇಟೋವನ್ನು ಫ್ರೆಂಚಿಗೆ ತರುವ ಕೆಲಸ ಆರಂಭವಾದದ್ದು 1822ರಲ್ಲಿ, ಹದಿಮೂರನೆಯ ಸಂಪುಟ ಮುಗಿದದ್ದು 1840ರಲ್ಲಿ. ಹಳೆಯ ದರ್ಶನಗಳಿಂದ ಸಾರ ತೆಗೆಯುತ್ತೇನೆ ಎನ್ನುವವನು ಮೊದಲು ಆ ದರ್ಶನಗಳ ಮೂಲಪಾಠವನ್ನು ಕೈಗೆ ಸಿಗುವಂತೆ ಮಾಡಬೇಕು. ಆ ಹೊಣೆಯನ್ನು ಅವನು ಪ್ರಾಮಾಣಿಕವಾಗಿ ಹೊತ್ತ.

ಇನ್ನು ಪದ್ಧತಿಗೆ ಬರೋಣ. 1828ರ ಏಪ್ರಿಲ್‌ನಲ್ಲಿ, ಮಾರ್ತಿನ್ಯಾಕ್‌ನ ಉದಾರ ಸರ್ಕಾರದ ಕಾಲದಲ್ಲಿ, ಕೂಝಾಂ ಮತ್ತೆ ಸೊರ್ಬೊನ್‌ನ ವೇದಿಕೆ ಏರಿದ. ಅದೇ ಹೊತ್ತಿಗೆ ಗಿಝೋ ಇತಿಹಾಸವನ್ನೂ ವಿಲ್ಮೇಂ ಸಾಹಿತ್ಯವನ್ನೂ ಪಾಠ ಮಾಡುತ್ತಿದ್ದರು. ಸಭಾಂಗಣಗಳು ತುಂಬಿ ತುಳುಕುತ್ತಿದ್ದವು. ಶೀಘ್ರಲಿಪಿಕಾರರು ಬರೆದುಕೊಂಡ ಉಪನ್ಯಾಸಗಳು ಬಿಡಿ ಹಾಳೆಗಳಾಗಿ ಅಚ್ಚಾಗಿ ಮಾರಾಟವಾದವು. 1828ರ ಸರಣಿ ಭವ್ಯವಾದದ್ದು, ಹೆಗೆಲ್‌ನ ನೆರಳು ದಟ್ಟವಾಗಿರುವಂಥದ್ದು. ಅನಂತ, ಸಾಂತ, ಇವೆರಡರ ಸಂಬಂಧ ಎಂದು ಚರಿತ್ರೆಯ ಯುಗಗಳನ್ನೇ ಮೂರಾಗಿ ಹಂಚುತ್ತದೆ. ನನ್ನ ಮಟ್ಟಿಗೆ ಹೆಚ್ಚು ಬೆಲೆಬಾಳುವುದು 1829ರ ಸರಣಿ, ಅದರಲ್ಲೂ ಅರಿವೆಲ್ಲ ಅನುಭವದಿಂದ ಎಂದ ಇಂಗ್ಲಿಷ್ ದಾರ್ಶನಿಕ ಜಾನ್ ಲಾಕ್‌ನನ್ನು ಪರೀಕ್ಷಿಸುವ ಕೊನೆಯ ಭಾಗ.

ಲಾಕ್‌ನ ತಪ್ಪು ಎಲ್ಲಿದೆ ಎಂದು ಕೂಝಾಂ ಕೇಳುತ್ತಾನೆ. ಉತ್ತರ ಸಿದ್ಧಾಂತದಲ್ಲಿಲ್ಲ, ಪ್ರಶ್ನೆಗಳ ಕ್ರಮದಲ್ಲಿದೆ. ನಮ್ಮ ಪರಿಕಲ್ಪನೆಗಳ ಬಗ್ಗೆ ಮೂರು ಪ್ರಶ್ನೆಗಳನ್ನು ಕೇಳಬಹುದು. ಈಗ, ಬಲಿತ ಮನಸ್ಸಿನಲ್ಲಿ, ಅವು ಯಾವ ಲಕ್ಷಣ ಹೊಂದಿವೆ? ಅವು ಎಲ್ಲಿಂದ ಹುಟ್ಟಿದವು? ಅವು ಹೊರಗಿನ ಸತ್ಯಕ್ಕೆ ಹೊಂದುತ್ತವೆಯೇ? ಮೊದಲನೆಯದನ್ನು ಮೊದಲು ಕೇಳಬೇಕು. ಲಾಕ್ ನೇರವಾಗಿ ಎರಡನೆಯದಕ್ಕೆ ಕೈಹಾಕಿದ. ಹುಟ್ಟನ್ನು ಮೊದಲೇ ನಿರ್ಧರಿಸಿಕೊಂಡವನು ಆ ಹುಟ್ಟಿಗೆ ಒಗ್ಗದ ಲಕ್ಷಣಗಳನ್ನು ಅರಿವಿಲ್ಲದೆ ಕತ್ತರಿಸಿಹಾಕುತ್ತಾನೆ. ಎಲ್ಲವೂ ಇಂದ್ರಿಯದಿಂದ ಬಂದದ್ದು ಎಂದು ಒಪ್ಪಿಕೊಂಡ ಮೇಲೆ, ಇಂದ್ರಿಯ ಕೊಡಲಾರದ ಲಕ್ಷಣವೊಂದು ಎದುರಾದರೆ ಅದನ್ನು ಕಾಣದಂತೆ ದಾಟಿಹೋಗುವುದು ಬಿಟ್ಟು ಬೇರೆ ದಾರಿಯಿಲ್ಲ.

ಉದಾಹರಣೆಗೆ ವಸ್ತು ಮತ್ತು ದೇಶ. ದೇಶಕಾಲ ಎನ್ನುವಾಗ ಬರುವ ದೇಶ. ಒಂದು ವಸ್ತುವನ್ನು ತೆಗೆದುಕೊಳ್ಳಿ. ಅದು ಇಲ್ಲವಾದಂತೆ ಯೋಚಿಸಬಹುದು. ಅಂದರೆ ಅದರ ಇರವು ಆಕಸ್ಮಿಕ. ಅದಕ್ಕೆ ಅಂಚುಗಳಿವೆ. ಕಣ್ಣು ಮುಚ್ಚಿದರೂ ಅದರ ಚಿತ್ರ ಮೂಡುತ್ತದೆ. ಈಗ ಅದು ಇದ್ದ ದೇಶವನ್ನು ಯೋಚಿಸಿ. ವಸ್ತುಗಳನ್ನೆಲ್ಲ ಅಳಿಸಿದರೂ ದೇಶವನ್ನು ಅಳಿಸಲಾಗದು, ಅದು ಅನಿವಾರ್ಯ. ಅದಕ್ಕೆ ಅಂಚಿಲ್ಲ, ಅಂಚು ಹಾಕಿದ ಕೂಡಲೇ ಅದರಾಚೆಗೂ ದೇಶವಿರುತ್ತದೆ. ಅದನ್ನು ಗ್ರಹಿಸಬಹುದು, ಚಿತ್ರಿಸಲಾಗದು. ಮೂರು ಲಕ್ಷಣಗಳಲ್ಲೂ ಇವೆರಡು ಎದುರುಬದುರು. ಹೀಗಿರುವಾಗ ಒಂದರ ಪರಿಕಲ್ಪನೆ ಇನ್ನೊಂದರಿಂದ ಹಿಗ್ಗಿ ಬಂತು ಎನ್ನುವುದು ಹೇಗೆ?

ಆದರೂ ಲಾಕ್ ಪೂರ್ತಿ ತಪ್ಪಿಲ್ಲ. ಕೂಝಾಂ ಇಲ್ಲಿ ಎರಡು ಕ್ರಮಗಳನ್ನು ಬೇರ್ಪಡಿಸುತ್ತಾನೆ. ಕಾಲಕ್ರಮದಲ್ಲಿ ವಸ್ತು ಮೊದಲು: ಮಗು ಏನನ್ನೂ ಮುಟ್ಟದೆ, ನೋಡದೆ ಇದ್ದರೆ ದೇಶದ ಕಲ್ಪನೆ ಅದರಲ್ಲಿ ಎಂದೂ ಏಳುವುದಿಲ್ಲ. ತರ್ಕಕ್ರಮದಲ್ಲಿ ದೇಶ ಮೊದಲು: ವಸ್ತುವೆಂದರೆ ಎಲ್ಲೋ ಇರುವುದು, ಆ ‘ಎಲ್ಲೋ’ ಇಲ್ಲದೆ ವಸ್ತುವನ್ನು ಒಪ್ಪಲಾಗದು. ಅನುಭವ ಸಂದರ್ಭ ಒದಗಿಸುತ್ತದೆ, ಆಧಾರವನ್ನಲ್ಲ. ಇದೇ ವಿಶ್ಲೇಷಣೆಯನ್ನು ಅವನು ಘಟನೆಗಳ ಸಾಲು ಮತ್ತು ಕಾಲ, ಸಾಂತ ಮತ್ತು ಅನಂತ, ಗುಣ ಮತ್ತು ದ್ರವ್ಯ ಎಂದು ಒಂದೊಂದೇ ಜೋಡಿಗೆ ಅನ್ವಯಿಸುತ್ತಾ ಹೋಗುತ್ತಾನೆ. ಕಾಂಟ್‌ನ ಋಣ ಇಲ್ಲಿ ಸ್ಪಷ್ಟವಾಗಿದೆ. ಆದರೂ ಪ್ರಶ್ನೆಯನ್ನು ಇಷ್ಟು ತಿಳಿಯಾಗಿ, ಪಾಠದ ಕೋಣೆಯಲ್ಲಿ ಯಾರಾದರೂ ತಾವೇ ಪರೀಕ್ಷಿಸಿ ನೋಡುವಂತೆ ಇಟ್ಟದ್ದು ಕೂಝಾಂನ ಸ್ವಂತ ಸಾಧನೆ.

ಕಾರಣದ ಚರ್ಚೆಯಂತೂ ಇನ್ನೂ ನವಿರಾದದ್ದು. ಒಂದು ಘಟನೆ ಇನ್ನೊಂದರ ಹಿಂದೆ ಬರುವುದನ್ನು ನೋಡುತ್ತಾ ಕುಳಿತರೆ ‘ಕಾರಣ’ ಸಿಗುವುದಿಲ್ಲ ಎಂದು ಹ್ಯೂಮ್ ತೋರಿಸಿದ್ದ. ಮೇನ್ ದ ಬಿರಾಂ ಬೇರೆ ಕಡೆ ಹುಡುಕಿದ: ಕೈಯೆತ್ತಲು ಸಂಕಲ್ಪಿಸಿ ಪ್ರಯತ್ನಿಸುವಾಗ ನಾನೇ ಕಾರಣವೆಂಬ ಅರಿವು ನೇರವಾಗಿ ದೊರಕುತ್ತದೆ. ಕೂಝಾಂ ಇದನ್ನು ಒಪ್ಪುತ್ತಾನೆ. ಆದರೆ ಇದರಿಂದ ಸಿಗುವುದು ಒಂದು ನಿರ್ದಿಷ್ಟ ಕಾರಣದ ಅರಿವು ಮಾತ್ರ, ಅದೂ ನನ್ನದು. ‘ಆರಂಭವಾಗುವ ಪ್ರತಿಯೊಂದಕ್ಕೂ ಕಾರಣವಿರಲೇಬೇಕು’ ಎಂಬ ತತ್ವ ಅದರಿಂದ ಹೊರಡುವುದಿಲ್ಲ. ನನ್ನ ಕೈಯ ಅನುಭವವನ್ನು ಜಗತ್ತಿಗೆಲ್ಲ ಹಬ್ಬಿಸಿದರೆ ಗಾಳಿ, ಕಲ್ಲು, ಬೆಂಕಿಗಳೂ ಸಂಕಲ್ಪವುಳ್ಳವಾಗಬೇಕಾಗುತ್ತದೆ. ಆದ್ದರಿಂದ ಕಾರಣದ ಮೊದಲ ಅರಿವು ಸಂಕಲ್ಪದಿಂದ, ಕಾರಣತತ್ವ ವಿವೇಕದಿಂದ. ಸಾರಸಂಗ್ರಹ ಎಂಬುದು ಅತ್ಯುತ್ತಮವಾಗಿ ಕೆಲಸ ಮಾಡುವಾಗ ಹೀಗಿರುತ್ತದೆ. ಇಬ್ಬರ ನಡುವಿನ ರಾಜಿ ಇದಲ್ಲ. ಇಬ್ಬರೂ ಒಂದೇ ಎಂದುಕೊಂಡಿದ್ದ ಪ್ರಶ್ನೆ ನಿಜವಾಗಿ ಎರಡು ಎಂದು ತೋರಿಸುವುದು ಇದರ ಬಲ.

ಹಾಗಾದರೆ ವಿವೇಕ ಎಂದರೇನು? ಪ್ರಜ್ಞೆಯನ್ನು ಗಮನಿಸಿದರೆ ಮೂರು ಬಗೆಯ ಸಂಗತಿಗಳು ಕಾಣುತ್ತವೆ ಎಂದು ಕೂಝಾಂ ಹೇಳುತ್ತಾನೆ: ಸಂವೇದನೆ, ಸಂಕಲ್ಪ, ವಿವೇಕ. ಸಂವೇದನೆ ಹೊರಗಿನಿಂದ ಬಂದು ತಟ್ಟುತ್ತದೆ. ಸಂಕಲ್ಪ ಮಾತ್ರ ಪೂರ್ತಿಯಾಗಿ ನನ್ನದು. ‘ನಾನು’ ಎಂಬುದು ಅದೇ. ವಿವೇಕ ನನ್ನೊಳಗೆ ಕಾಣಿಸಿಕೊಂಡರೂ ನನ್ನದಲ್ಲ. ಎರಡು ಮತ್ತು ಎರಡು ಸೇರಿ ನಾಲ್ಕಾಗುವುದನ್ನು ‘ನನ್ನ ಸತ್ಯ’ ಎಂದು ಯಾರೂ ಕರೆಯುವುದಿಲ್ಲ. ಅದು ವ್ಯಕ್ತಿನಿರಪೇಕ್ಷ. ಅದಕ್ಕೆ ಎರಡು ಹಂತಗಳಿವೆ: ಮೊದಲು ಸಹಜಸ್ಫೂರ್ತ, ಆಮೇಲೆ ವಿಮರ್ಶಾತ್ಮಕ. ಸಹಜ ಹಂತದಲ್ಲಿ ಮನಸ್ಸು ಸತ್ಯವನ್ನು ಸುಮ್ಮನೆ ಕಾಣುತ್ತದೆ. ‘ಬೇರೆ ರೀತಿ ಯೋಚಿಸಲಾರೆ’ ಎಂಬ ಒತ್ತಡ ಇನ್ನೂ ಹುಟ್ಟಿರುವುದಿಲ್ಲ. ಸಂಶಯಿಸಿ, ಪರೀಕ್ಷಿಸಿ, ಒಪ್ಪಲೇಬೇಕಾದಾಗ ಆ ಒತ್ತಡ ಬರುತ್ತದೆ. ಕಾಂಟ್ ಈ ಎರಡನೆಯ ಹಂತವನ್ನಷ್ಟೇ ನೋಡಿ, ಅನಿವಾರ್ಯತೆ ನಮ್ಮ ಮನಸ್ಸಿನ ರಚನೆಯಿಂದ ಬಂದದ್ದಿರಬಹುದು ಎಂದ. ಮೊದಲ ಹಂತವನ್ನು ನೋಡಿದ್ದರೆ ಹಾಗೆನ್ನುತ್ತಿರಲಿಲ್ಲ. ಪ್ರಜ್ಞೆಯಿಂದ ಹೊರಟು ದ್ರವ್ಯ, ಕಾರಣ, ಕೊನೆಗೆ ದೇವರವರೆಗೆ ತಲುಪಲು ಕೂಝಾಂಗೆ ಇರುವ ಸೇತುವೆ ಇದೊಂದೇ.

ಸೇತುವೆ ನಿಲ್ಲುವುದಿಲ್ಲ. ಸಹಜ ಹಂತವನ್ನು ವರ್ಣಿಸಬೇಕಾದರೆ ಅದರ ಕಡೆಗೆ ತಿರುಗಿ ನೋಡಬೇಕು. ತಿರುಗಿ ನೋಡಿದ ಕ್ಷಣ ಅದು ವಿಮರ್ಶೆಯಾಗುತ್ತದೆ. ಯಾರೂ ಗಮನಿಸಲಾಗದ ಸಂಗತಿಯನ್ನು ಗಮನಿಸಿದ ಸಂಗತಿಗಳ ಪಟ್ಟಿಗೆ ಸೇರಿಸಿದಂತಾಯಿತು. 1829ರ ಅಕ್ಟೋಬರಿನಲ್ಲಿ ಎಡಿನ್‌ಬರೋ ರಿವ್ಯೂನಲ್ಲಿ ಸ್ಕಾಟ್ಲೆಂಡಿನ ದಾರ್ಶನಿಕ ವಿಲಿಯಂ ಹ್ಯಾಮಿಲ್ಟನ್ ಇನ್ನೊಂದು ಬದಿಯಿಂದ ಹೊಡೆದ: ಯೋಚಿಸುವುದೆಂದರೆ ಮಿತಿ ಹಾಕುವುದು, ಮಿತಿಯಿಲ್ಲದ್ದನ್ನು ಯೋಚನೆ ಹಿಡಿಯಲಾರದು. 1834ರಲ್ಲಿ, ‘ತತ್ವಶಾಸ್ತ್ರದ ತುಣುಕುಗಳು’ ಎಂಬ ತನ್ನ ಪುಸ್ತಕಕ್ಕೆ ಕೂಝಾಂ ಬರೆದ ಮುನ್ನುಡಿಯ ಜರ್ಮನ್ ಅನುವಾದಕ್ಕೆ ಮಾತು ಬರೆದ ಶೆಲ್ಲಿಂಗ್, ಗೆಳೆತನ ಉಳಿಸಿಕೊಂಡೇ, ಮನಶ್ಶಾಸ್ತ್ರದ ತಳಹದಿಯ ಮೇಲೆ ತತ್ವಮೀಮಾಂಸೆ ಏಳಲಾರದು ಎಂದ.

ಈಗ ಚರಿತ್ರೆ. ಸಾರಸಂಗ್ರಹವಾದದ ಹೆಸರು ಬಂದದ್ದು ಈ ಭಾಗದಿಂದ. ಪ್ರಜ್ಞೆಯ ಸಂಗತಿಗಳು ಇಷ್ಟೇ ಆದ್ದರಿಂದ ಅವುಗಳಿಂದ ಹುಟ್ಟುವ ದರ್ಶನಗಳೂ ಇಷ್ಟೇ ಎಂಬುದು ಅವನ ಲೆಕ್ಕ. ಮನಸ್ಸು ಮೊದಲು ಹೊರಗೆ ನೋಡುತ್ತದೆ, ಇಂದ್ರಿಯವೇ ಎಲ್ಲ ಎನ್ನುತ್ತದೆ: ಇಂದ್ರಿಯವಾದ. ಆಮೇಲೆ ಒಳಗೆ ತಿರುಗಿ, ಇಂದ್ರಿಯ ಕೊಡದ ತತ್ವಗಳನ್ನು ಕಂಡು, ಹೊರಗನ್ನೇ ಅಲ್ಲಗಳೆಯುವಷ್ಟು ಮುಂದೆ ಹೋಗುತ್ತದೆ: ಭಾವವಾದ. ಎರಡರ ಜಗಳ ನೋಡಿ ಮೂರನೆಯವನು ಯಾವುದೂ ನಿಲ್ಲದು ಎನ್ನುತ್ತಾನೆ: ಸಂದೇಹವಾದ. ಸಂದೇಹದಲ್ಲಿ ಬದುಕಲಾಗದ ಮನಸ್ಸು ಬುದ್ಧಿಯನ್ನೇ ಬಿಟ್ಟು ನೇರ ದರ್ಶನಕ್ಕೆ ಮೊರೆಹೋಗುತ್ತದೆ: ಅನುಭಾವ. ಈ ನಾಲ್ಕು ಪ್ರತಿ ಯುಗದಲ್ಲೂ ಮರಳುತ್ತವೆ. ಸಾರಸಂಗ್ರಹಿಯ ಕೆಲಸ ಪ್ರತಿಯೊಂದರಿಂದ ಅದು ಪ್ರತಿಪಾದಿಸಿದ್ದನ್ನು ತೆಗೆದುಕೊಂಡು, ನಿರಾಕರಿಸಿದ್ದನ್ನು ಬಿಡುವುದು. ದರ್ಶನಗಳು ಸುಳ್ಳಲ್ಲ, ಅಪೂರ್ಣ. ಪಂಥಗಳು ಪ್ರತಿಪಾದಿಸುವುದರಲ್ಲಿ ಬಹುಮಟ್ಟಿಗೆ ಸರಿ, ನಿರಾಕರಿಸುವುದರಲ್ಲಿ ಅಷ್ಟಾಗಿ ಅಲ್ಲ ಎಂಬ ಲೈಬ್‌ನಿಟ್ಸ್‌ನ ಮಾತೇ ಇಲ್ಲಿ ವಿಧಾನವಾಯಿತು.

ಈ ಜರಡಿ ಎಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದಕ್ಕೆ ನಮಗೆ ಹತ್ತಿರದ ಉದಾಹರಣೆಯೇ ಇದೆ. 1829ರ ಸರಣಿಯಲ್ಲಿ ಕೂಝಾಂ ಭಾರತೀಯ ದರ್ಶನಗಳಿಗೂ ಜಾಗ ಕೊಟ್ಟ. ಅಂದಿನ ಯುರೋಪಿನಲ್ಲಿ ಇದು ಸಣ್ಣ ಮಾತಲ್ಲ. ಅವನ ಆಧಾರ, ಹೆನ್ರಿ ಥಾಮಸ್ ಕೋಲ್‌ಬ್ರೂಕ್ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯಲ್ಲಿ ಮಂಡಿಸಿದ ಪ್ರಬಂಧಗಳು. ಅವುಗಳನ್ನು ಶ್ರದ್ಧೆಯಿಂದ ಓದಿ, ಕಪಿಲನ ಸಾಂಖ್ಯವನ್ನು ಅವನು ಇಂದ್ರಿಯವಾದದ ಖಾನೆಯಲ್ಲಿ ಇಟ್ಟ. ಕಾರಣಗಳು ತಿಳಿಯುತ್ತವೆ: ಸಾಂಖ್ಯ ಪ್ರತ್ಯಕ್ಷವನ್ನು ಪ್ರಮಾಣವೆನ್ನುತ್ತದೆ, ಜಗತ್ತನ್ನು ಪ್ರಕೃತಿಯಿಂದ ವಿವರಿಸುತ್ತದೆ, ಈಶ್ವರನನ್ನು ಒಪ್ಪುವುದಿಲ್ಲ. ಪ್ಯಾರಿಸ್ಸಿನ ಕಣ್ಣಿಗೆ ಇದು 18ನೇ ಶತಮಾನದ ಭೌತವಾದದ ಅಣ್ಣನಂತೆ ಕಂಡಿತು. ಆದರೆ ಸಾಂಖ್ಯದ ಇನ್ನರ್ಧ ಪುರುಷ: ನಿಷ್ಕ್ರಿಯ, ಶುದ್ಧ ಚೈತನ್ಯ. ಬುದ್ಧಿಯೂ ಅಹಂಕಾರವೂ ಪ್ರಕೃತಿಯ ಪರಿಣಾಮಗಳು, ಪುರುಷ ಅವುಗಳಿಂದ ಬೇರೆ ಎಂಬ ವಿವೇಕಜ್ಞಾನವೇ ಕೈವಲ್ಯಕ್ಕೆ ದಾರಿ. ಕೊಂದಿಯಾಕ್ ಇದನ್ನು ಓದಿದ್ದರೆ ತನ್ನ ಪಂಥವೆಂದು ಒಪ್ಪುತ್ತಿರಲಿಲ್ಲ. ಭಗವದ್ಗೀತೆಯನ್ನು ಕೂಝಾಂ ಅನುಭಾವದ ಮಾದರಿಯಾಗಿ ಓದಿದ. ಯುದ್ಧ ಮಾಡು ಎಂದು ಹೇಳುವ ಗ್ರಂಥದಲ್ಲಿ ಅವನಿಗೆ ಎದ್ದು ಕಂಡದ್ದು ಕರ್ಮದ ಬಗೆಗಿನ ಉದಾಸೀನತೆ. ತಪ್ಪು ಮಾಹಿತಿಯ ಕೊರತೆಯಿಂದಷ್ಟೇ ಬಂದದ್ದಲ್ಲ. ನಾಲ್ಕೇ ಖಾನೆಗಳು ಮೊದಲೇ ಸಿದ್ಧವಾಗಿದ್ದವು. ಲಾಕ್ ಹುಟ್ಟನ್ನು ಮೊದಲೇ ನಿರ್ಧರಿಸಿಕೊಂಡು ಲಕ್ಷಣಗಳನ್ನು ಕತ್ತರಿಸಿದ ಎಂದು ಆಪಾದಿಸಿದವನು, ವರ್ಗೀಕರಣವನ್ನು ಮೊದಲೇ ನಿರ್ಧರಿಸಿಕೊಂಡು ಸಾಂಖ್ಯಕ್ಕೆ ಅದನ್ನೇ ಮಾಡಿದ.

ಹೀಗಿದ್ದೂ ಆ ಪುಟಗಳು ದೂರ ಹೋದವು. ಅಮೆರಿಕದ ಎಮರ್ಸನ್ ಗೀತೆಯ ವಿಚಾರವನ್ನು ಮೊದಲು ಓದಿದ್ದು 1831ರಲ್ಲಿ, ಕೂಝಾಂನ ಸಂಪುಟದಲ್ಲಿ. ಗೀತೆಯ ಇಂಗ್ಲಿಷ್ ಅನುವಾದ ಅವನ ಕೈಸೇರಿದ್ದು ಎಷ್ಟೋ ವರ್ಷಗಳ ನಂತರ. ಕಲ್ಕತ್ತೆಯಲ್ಲಿ ಬ್ರಹ್ಮಸಮಾಜದ ಕೇಶವಚಂದ್ರ ಸೇನ್ ತನ್ನ ಅಂತಃಸ್ಫುರಣೆಯ ಸಿದ್ಧಾಂತಕ್ಕೆ ರೀಡ್, ಹ್ಯಾಮಿಲ್ಟನ್‌ರ ಜೊತೆ ಕೂಝಾಂನನ್ನೂ ಓದಿಕೊಂಡಿದ್ದ.

ಆಯ್ಕೆಯ ಮಾನದಂಡದ ಪ್ರಶ್ನೆಗೆ ಬರೋಣ. ವಾದ ನಿಲ್ಲುವುದೋ ಬೀಳುವುದೋ ಇಲ್ಲಿ ತಿಳಿಯುತ್ತದೆ. ಸತ್ಯಾಂಶವನ್ನು ಆಯ್ದುಕೊಳ್ಳಲು ಸತ್ಯ ಯಾವುದೆಂದು ಮೊದಲೇ ಗೊತ್ತಿರಬೇಕು. ಗೊತ್ತಿದ್ದರೆ ಆಯ್ಕೆಯಿಂದ ಹೊಸದೇನೂ ಸಿಗುವುದಿಲ್ಲ. ಗೊತ್ತಿಲ್ಲದಿದ್ದರೆ ಆಯ್ಕೆ ಸಾಧ್ಯವಿಲ್ಲ. ಕೂಝಾಂ ಈ ಆಕ್ಷೇಪವನ್ನು ಬಲ್ಲ. ಸಾರಸಂಗ್ರಹವೇ ಒಂದು ದರ್ಶನವಲ್ಲ, ಅದು ಒಂದು ದರ್ಶನವನ್ನು ಪೂರ್ವಭಾವಿಯಾಗಿ ಬೇಡುತ್ತದೆ, ಆ ದರ್ಶನ ತನ್ನ ಮನಶ್ಶಾಸ್ತ್ರ ಎಂದು ಉತ್ತರಿಸಿದ. ಪ್ರಾಮಾಣಿಕ ಉತ್ತರ. ಆದರೆ ಅದರ ಬೆಲೆ ದೊಡ್ಡದು: ಆಗ ಚರಿತ್ರೆ ಸಾಕ್ಷಿಯಾಗುವುದಿಲ್ಲ, ಮೊದಲೇ ಒಪ್ಪಿದ್ದಕ್ಕೆ ಉದಾಹರಣೆಗಳ ಕಣಜ ಮಾತ್ರವಾಗುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು, ವಿಮರ್ಶಕರು ಇದಕ್ಕೆ ಸಾಕಷ್ಟು ಒತ್ತು ಕೊಟ್ಟಿಲ್ಲ ಎಂದು ನನಗನ್ನಿಸುತ್ತದೆ. ಪ್ರತಿಪಾದನೆ ಮತ್ತು ನಿರಾಕರಣೆಯನ್ನು ಎರಡು ಗುಡ್ಡೆಗಳಾಗಿ ಬೇರ್ಪಡಿಸಬಹುದು ಎಂಬ ನಂಬಿಕೆಯೇ ಸರಿಯಲ್ಲ. ‘ಎಲ್ಲ ಅರಿವೂ ಸಂವೇದನೆಯೇ’ ಎಂಬುದರಿಂದ ‘ಎಲ್ಲ’ ತೆಗೆದರೆ ಉಳಿಯುವುದು ‘ಕೆಲವು ಅರಿವು ಸಂವೇದನೆಯಿಂದ ಬರುತ್ತದೆ’ ಎಂಬ ಮಾತು. ಅದನ್ನು ಪ್ಲೇಟೋ ಕೂಡ ಅಲ್ಲಗಳೆಯಲಿಲ್ಲ. ಸ್ಪಿನೋಜಾನಿಂದ ‘ಎರಡನೆಯ ದ್ರವ್ಯವಿಲ್ಲ’ ಎಂಬುದನ್ನು ಕಳೆದರೆ ಸ್ಪಿನೋಜಾ ಉಳಿಯುವುದಿಲ್ಲ. ಒಂದು ದರ್ಶನದ ಜೀವ ಹಲವೊಮ್ಮೆ ಅದರ ನಿರಾಕರಣೆಯಲ್ಲೇ ಇರುತ್ತದೆ. ಅದನ್ನು ಬಿಡಿಸಿ ತೆಗೆದುಕೊಂಡದ್ದು ಸಾರವಲ್ಲ, ಯಾರೂ ವಿವಾದಿಸದ ಸಾಮಾನ್ಯ ಮಾತು. ಕೂಝಾಂನ ನಂತರದ ಬರಹಗಳು ಸುಂದರವಾಗಿದ್ದೂ ಸಪ್ಪೆಯಾಗುತ್ತಾ ಹೋದದ್ದಕ್ಕೆ ಕಾರಣ ಇದೇ.

ಇಂಥ ಪದ್ಧತಿ ಅಷ್ಟು ವರ್ಷ ಹೇಗೆ ನಿಂತಿತು? 1830ರ ಜುಲೈ ಕ್ರಾಂತಿ ಲೂಯಿ-ಫಿಲಿಪ್‌ನನ್ನು ಸಿಂಹಾಸನಕ್ಕೆ ತಂದಿತು. ಕ್ರಾಂತಿಯೂ ಬೇಕು, ರಾಜನೂ ಬೇಕು ಎನ್ನುವ ಮಧ್ಯಮಮಾರ್ಗದ ಆಡಳಿತ. ಸಂವಿಧಾನದ ಸನ್ನದು ರಾಜಸತ್ತೆಯನ್ನೂ ಪ್ರಜಾಸತ್ತೆಯನ್ನೂ ಕೂಡಿಸಿದಂತೆ ತತ್ವಶಾಸ್ತ್ರವೂ ಕೂಡಿಸಬೇಕು ಎಂದು ಕೂಝಾಂ 1828ರಲ್ಲೇ ಹೇಳಿದ್ದ. ಈಗ ಅಧಿಕಾರ ಅವನ ಬಾಗಿಲಿಗೆ ಬಂತು. ಸಾರ್ವಜನಿಕ ಶಿಕ್ಷಣದ ರಾಜಮಂಡಳಿಯ ಸದಸ್ಯತ್ವ, ತತ್ವಶಾಸ್ತ್ರದ ಅಗ್ರೆಗಾಸಿಯೋಂ ಎಂಬ ಅಧ್ಯಾಪಕ ಪರೀಕ್ಷೆಯ ಅಧ್ಯಕ್ಷತೆ, ಫ್ರೆಂಚ್ ಅಕಾಡೆಮಿ, 1832ರಲ್ಲಿ ಮೇಲ್ಮನೆಯ ಸದಸ್ಯತ್ವ, ಕೆಲವು ವರ್ಷ ಎಕೋಲ್ ನಾರ್ಮಾಲ್‌ನ ನಿರ್ದೇಶಕತ್ವ, 1840ರ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ತಿಯೇರ್‌ನ ಸಂಪುಟದಲ್ಲಿ ಶಿಕ್ಷಣ ಮಂತ್ರಿಗಿರಿ.

ಯಂತ್ರದ ಭಾಗಗಳು ಹೇಗೆ ಕೂಡಿದವು ನೋಡಿ. ಎಕೋಲ್ ನಾರ್ಮಾಲ್‌ನಲ್ಲಿ ಅವನ ಪದ್ಧತಿಯಲ್ಲಿ ತರಬೇತಿ. ಅಲ್ಲಿಂದ ಹೊರಬಂದವನು ಕೂರುವ ಅಗ್ರೆಗಾಸಿಯೋಂಗೆ ಅವನೇ ಅಧ್ಯಕ್ಷ. ಗೆದ್ದವನ ನೇಮಕ, ವರ್ಗ, ಬಡ್ತಿಯ ಕಡತ ಮಂಡಳಿಯಲ್ಲಿ ಅವನ ಮೇಜಿಗೆ. ಕಾಲೇಜಿನಲ್ಲಿ ಕಲಿಸಬೇಕಾದದ್ದು 1832ರ ಪಠ್ಯಕ್ರಮ, ಅದೂ ಅವನದೇ: ಮೊದಲು ಮನಶ್ಶಾಸ್ತ್ರ, ಆಮೇಲೆ ತರ್ಕ, ನೀತಿ ಮತ್ತು ಈಶ್ವರವಿಚಾರ, ಕೊನೆಗೆ ತತ್ವಶಾಸ್ತ್ರದ ಚರಿತ್ರೆ. ಶಾಲಾಂತ್ಯದ ಬಾಕಲೊರೆಯಾ ಪರೀಕ್ಷೆಯ ಪ್ರಶ್ನೆಗಳು ಅದೇ ಕ್ರಮದಲ್ಲಿ. ಹೀಗೆ ಬಾಕಲೊರೆಯಾ ಗೆದ್ದ ಹುಡುಗ ಮತ್ತೆ ಎಕೋಲ್ ನಾರ್ಮಾಲ್‌ಗೆ. ವೃತ್ತ ಪೂರ್ಣ. ತನ್ನ ಅಧ್ಯಾಪಕರನ್ನು ಕೂಝಾಂ ‘ನನ್ನ ರೆಜಿಮೆಂಟು’ ಎನ್ನುತ್ತಿದ್ದ.

ಮನಶ್ಶಾಸ್ತ್ರ ಮೊದಲಿಗೆ ಬಂದದ್ದು ಆಕಸ್ಮಿಕವಲ್ಲ. ಪಾಠ ಬೈಬಲ್ಲಿನಿಂದಲೂ ಆರಂಭವಾಗಬಾರದು, ಮೆದುಳಿನಿಂದಲೂ ಆರಂಭವಾಗಬಾರದು. ಪ್ರಜ್ಞೆಯಿಂದ ಆರಂಭವಾದರೆ ಪಾದ್ರಿಯೂ ವೈದ್ಯನೂ ತಕರಾರು ತೆಗೆಯಲು ತಡವಾಗುತ್ತದೆ. ಆತ್ಮ, ಸ್ವಾತಂತ್ರ್ಯ, ಕರ್ತವ್ಯ, ದೇವರು ಒಂದೊಂದಾಗಿ ವಿವೇಕದ ಬಲದಿಂದಲೇ ಕೊನೆಗೆ ಬಂದು ನಿಲ್ಲುತ್ತವೆ. ಮತಾತೀತವಾದ, ಆದರೆ ಧರ್ಮವಿರೋಧಿಯಲ್ಲದ ತರಗತಿ. ಯುರೋಪಿನಲ್ಲಿ ಇದು ಹೊಸದು, ನನ್ನ ತೀರ್ಮಾನದಲ್ಲಿ ಕೂಝಾಂನ ದೊಡ್ಡ ಕೆಲಸ ಇದೇ. ಲ್ಯಾಟಿನ್ ಬದಲು ಫ್ರೆಂಚಿನಲ್ಲಿ ತತ್ವಶಾಸ್ತ್ರ ಕಲಿಸುವುದು ನೆಲೆಯೂರಿದ್ದೂ ಈ ಕಾಲದಲ್ಲೇ. ಪ್ರಾಥಮಿಕ ಶಿಕ್ಷಣಕ್ಕೂ ಅವನ ಕೊಡುಗೆಯಿದೆ: 1831ರಲ್ಲಿ ಪ್ರಷ್ಯದ ಶಾಲೆಗಳನ್ನು ನೋಡಿ ಬಂದು ಬರೆದ ವರದಿ, ಪ್ರತಿ ಕಮ್ಯೂನಿನಲ್ಲಿ (ಸ್ಥಳೀಯ ಆಡಳಿತದ ಘಟಕ) ಶಾಲೆ ಇರಬೇಕೆಂದ ಗಿಝೋನ 1833ರ ಕಾಯಿದೆಗೆ ದಾರಿ ಮಾಡಿತು.

ಆದರೆ ಬೆಲೆ ತೆತ್ತವರಿದ್ದರು. 1755ರಲ್ಲಿ ಎನ್‌ಸೈಕ್ಲೊಪೀಡಿಯಾದ ಐದನೆಯ ಸಂಪುಟದಲ್ಲಿ ದಿದೆರೋ ಎಕ್ಲೆಕ್ಟಿಕ್ ಎಂದರೆ ಯಾರು ಎಂದು ಬರೆದಿದ್ದ: ಪೂರ್ವಗ್ರಹ, ಸಂಪ್ರದಾಯ, ಅಧಿಕಾರ ಎಲ್ಲವನ್ನೂ ತುಳಿದು ತಾನೇ ಯೋಚಿಸುವ ಧೈರ್ಯ ಮಾಡುವವನು. ಕೂಝಾಂನ ಆಳ್ವಿಕೆಯಲ್ಲಿ ಆಯ್ಕೆ ಮಾಡುವವನು ಓದುಗನಲ್ಲ, ಪರೀಕ್ಷಾ ಮಂಡಳಿ. ಮಾನದಂಡ ಯಾವುದೆಂಬ ಪ್ರಶ್ನೆಗೆ ಪುಸ್ತಕದಲ್ಲಿ ಸಿಗದ ಉತ್ತರ ಅಂಕಪಟ್ಟಿಯಲ್ಲಿ ಸಿಗುತ್ತಿತ್ತು. ಪ್ರಾಂತ್ಯದ ಊರಿನಲ್ಲಿ ಬಿಷಪ್ಪನ ಸಿಟ್ಟಿಗೆ ಗುರಿಯಾದ ಮೇಷ್ಟರನ್ನು ಕೂಝಾಂ ಮೇಲ್ಮನೆಯಲ್ಲಿ ಗಟ್ಟಿಯಾಗಿ ಸಮರ್ಥಿಸುತ್ತಿದ್ದ, 1844ರ ಭಾಷಣಗಳು ಅದಕ್ಕೆ ಸಾಕ್ಷಿ. ಅದೇ ಹೊತ್ತಿಗೆ ಅಂಥ ಸಿಟ್ಟು ಏಳದಂತೆ ಪಾಠ ಮಾಡಬೇಕೆಂದೂ ಬಯಸುತ್ತಿದ್ದ. ಅಪಾಯಕಾರಿ ಪ್ರಶ್ನೆಗಳಿಂದ ದೂರವಿರಲು ಸುರಕ್ಷಿತ ದಾರಿ ಚರಿತ್ರೆ: ನಿಮ್ಮ ಅ‌ಭಿಪ್ರಾಯ ಹೇಳಬೇಡಿ, ಲೈಬ್‌ನಿಟ್ಸ್‌ನದನ್ನು ಹೇಳಿ. ಫ್ರೆಂಚ್ ತತ್ವಶಾಸ್ತ್ರದ ಅಧ್ಯಯನ ಇಂದಿಗೂ ಗ್ರಂಥಕರ್ತರ ಸುತ್ತಲೇ ಸುತ್ತುವುದಕ್ಕೆ ಒಂದು ಬೇರು ಇಲ್ಲಿದೆ.

ವಿರೋಧ ಎರಡೂ ಕಡೆಯಿಂದ ಬಂತು. ‘ತುಣುಕುಗಳು’ ಪುಸ್ತಕದ 1826ರ ಮುನ್ನುಡಿಯಲ್ಲಿ ದೇವರು ಏಕಕಾಲಕ್ಕೆ ದೇವರೂ ಪ್ರಕೃತಿಯೂ ಮಾನವತೆಯೂ ಎಂಬರ್ಥದ ವಾಕ್ಯವೊಂದಿತ್ತು. ಕ್ಯಾಥೊಲಿಕ್ಕರು ಅದನ್ನು ಬಿಡಲಿಲ್ಲ. ಪಾದ್ರಿ ಮಾರೆ 1840ರ ತನ್ನ ಗ್ರಂಥದಲ್ಲಿ ಇದು ಸರ್ವೇಶ್ವರವಾದ ಎಂದು ವಾದಿಸಿದ. ಎಡಗಡೆಯಿಂದ ಪಿಯೇರ್ ಲರೂ 1839ರಲ್ಲಿ ಇಡೀ ಪುಸ್ತಕವನ್ನೇ ಖಂಡನೆಗೆ ಮೀಸಲಿಟ್ಟ. ಅತ್ಯಂತ ನೋವಿನ ಪ್ರಸಂಗ ಥಿಯೊಡೋರ್ ಝುಫ್ರ್ವಾನದು. ಕೂಝಾಂನ ಶಿಷ್ಯರಲ್ಲೆಲ್ಲ ಪ್ರಾಮಾಣಿಕ, ರೀಡ್‌ನನ್ನು ಫ್ರೆಂಚಿಗೆ ತಂದವನು, 1842ರಲ್ಲಿ ತೀರಿಕೊಂಡ. ಅವನ ಹಸ್ತಪ್ರತಿಯಲ್ಲಿ, ವಿದ್ಯಾರ್ಥಿಯಾಗಿ ಕ್ರೈಸ್ತ ಧರ್ಮದಲ್ಲಿ ನಂಬಿಕೆ ಕಳೆದುಕೊಂಡು ಬದುಕಿನ ಅರ್ಥ ಹುಡುಕುತ್ತಾ ಬಂದ ತನಗೆ ಗುರುಗಳು ಕೊಟ್ಟದ್ದು ಪರಿಕಲ್ಪನೆಗಳ ಹುಟ್ಟಿನ ಪ್ರಶ್ನೆಯೊಂದನ್ನೇ, ಇಡೀ ತತ್ವಶಾಸ್ತ್ರ ಗಾಳಿಯಾಡದ ಒಂದು ಗುಂಡಿಯಲ್ಲಿತ್ತು ಎಂದು ಬರೆದಿದ್ದ. ಅದನ್ನು ಸಂಪಾದಿಸಿದ ಸಹಪಾಠಿ ದಾಮಿರೋಂ ಕೆಲವು ಸಾಲುಗಳನ್ನು ಕತ್ತರಿಸಿ ಮೆದುಮಾಡಿದ. ಲರೂ ಅದನ್ನು ಬಯಲಿಗೆಳೆದ. ಆ ಹೊತ್ತಿಗೆ ಕೂಝಾಂ ಅಕಾಡೆಮಿಯ ಮುಂದೆ, ಪಾಸ್ಕಲ್‌ನ ಮೂಲ ಹಸ್ತಪ್ರತಿಯನ್ನು ಹಳೆಯ ಸಂಪಾದಕರು ತಿದ್ದಿ ಕೆಡಿಸಿದ್ದಾರೆ, ಹೊಸ ಆವೃತ್ತಿ ಬೇಕು ಎಂದು ವಿದ್ವತ್ಪೂರ್ಣ ವರದಿ ಕೊಟ್ಟಿದ್ದ. ಪಾಸ್ಕಲ್‌ಗೆ ದೊರೆತ ನ್ಯಾಯ ಝುಫ್ರ್ವಾನಿಗೆ ಅವನ ಗೆಳೆಯರ ಕೈಯಲ್ಲೇ ಸಿಗಲಿಲ್ಲ.

1851ರ ಡಿಸೆಂಬರಿನಲ್ಲಿ ಲೂಯಿ ನೆಪೋಲಿಯನ್ ನಡೆಸಿದ ಕ್ಷಿಪ್ರಕ್ರಾಂತಿಯ ಬಳಿಕ ಯಂತ್ರ ಬಿಚ್ಚಿಹೋಯಿತು. ಅಗ್ರೆಗಾಸಿಯೋಂ ರದ್ದಾಯಿತು, ತತ್ವಶಾಸ್ತ್ರದ ತರಗತಿಯ ಹೆಸರು ತರ್ಕ ಎಂದಾಯಿತು, ಕೂಝಾಂ ನಿವೃತ್ತನಾದ. ಲೂಯಿ ನೆಪೋಲಿಯನ್ನನಿಗೆ ನಿಷ್ಠೆಯ ಪ್ರಮಾಣ ಮಾಡಲೊಪ್ಪದ ಕೂಝಾಂನ ಶಿಷ್ಯ ಝೂಲ್ ಸಿಮೋಂ ಕೆಲಸ ಕಳೆದುಕೊಂಡ. ರೆಜಿಮೆಂಟಿನಲ್ಲಿ ಬೆನ್ನೆಲುಬಿದ್ದವರೂ ಇದ್ದರು. 1857ರಲ್ಲಿ ಇಪೊಲಿತ್ ತೇನ್, ಕೂಝಾಂ ದೊಡ್ಡ ವಾಗ್ಮಿ, ದಾರ್ಶನಿಕನಲ್ಲ ಎಂದು ಬರೆದ ಪುಸ್ತಕ ಹೊಸ ಪೀಳಿಗೆಯ ತೀರ್ಪಾಯಿತು. 1863ರಲ್ಲಿ ದ್ಯುರುಯಿ ಶಿಕ್ಷಣ ಮಂತ್ರಿಯಾದಾಗ ಅಗ್ರೆಗಾಸಿಯೋಂ ಮರಳಿತು. 1867ರ ಜನವರಿಯಲ್ಲಿ ಕೂಝಾಂ ಕಾನ್‌ನಲ್ಲಿ ತೀರಿಕೊಂಡ. ಅದೇ ವರ್ಷ ದಾರ್ಶನಿಕ ರವೆಸೋಂ ಫ್ರೆಂಚ್ ತತ್ವಶಾಸ್ತ್ರದ ಕುರಿತ ತನ್ನ ವರದಿಯಲ್ಲಿ ಮೇನ್ ದ ಬಿರಾಂನಿಂದ ಹೊರಡುವ ಬೇರೊಂದು ಹಾದಿಯನ್ನು ತೋರಿಸಿದ, ಬೆರ್ಗ್‌ಸನ್ ಮುಂದೆ ಆ ಹಾದಿಯಲ್ಲಿ ನಡೆದ.

ಕೊನೆಯದಾಗಿ, ಓದಬೇಕೆನ್ನುವವರಿಗೆ ಒಂದು ಎಚ್ಚರಿಕೆ. ಕೂಝಾಂ ತನ್ನ ಪುಸ್ತಕಗಳನ್ನು ಪ್ರತಿ ಮುದ್ರಣಕ್ಕೂ ತಿದ್ದುತ್ತಿದ್ದ, ತಿದ್ದಿದಾಗಲೆಲ್ಲ ಜರ್ಮನ್ ಛಾಯೆ ಕಡಿಮೆಯಾಗುತ್ತಿತ್ತು, ಚರ್ಚಿಗೆ ಹತ್ತಿರವಾಗುತ್ತಿತ್ತು. ಸತ್ಯ, ಸೌಂದರ್ಯ, ಶಿವಗಳ ಕುರಿತ 1818ರ ಉಪನ್ಯಾಸಗಳು ವಿದ್ಯಾರ್ಥಿಗಳ ಟಿಪ್ಪಣಿಗಳಿಂದ 1836ರಲ್ಲಿ ಅಚ್ಚಾದವು. ಕಲೆಗಾಗಿ ಕಲೆ ಎಂಬ ಮಾತು ಅಲ್ಲಿದೆ. ಎಲ್ಲರ ಕೈಗೂ ಸುಲಭವಾಗಿ ಸಿಗುವುದು 1853ರ ಪರಿಷ್ಕೃತ ರೂಪ. ಅದರಲ್ಲಿ ಅವನು ಸಾರಸಂಗ್ರಹ ನಮ್ಮ ಧ್ವಜವಲ್ಲ, ಚೈತನ್ಯವಾದವೇ ನಮ್ಮ ನಿಜವಾದ ಧ್ವಜ ಎನ್ನುತ್ತಾನೆ. 1853ರ ಸಾಲನ್ನು ಎತ್ತಿ 1818ರ ಕೂಝಾಂ ಹೀಗೆಂದ ಎಂದು ಬರೆಯುವ ತಪ್ಪು ಒಳ್ಳೆಯ ಗ್ರಂಥಗಳಲ್ಲೂ ನುಸುಳುತ್ತದೆ. ಆದ್ದರಿಂದ ಲಾಕ್ ಕುರಿತ 1829ರ ಉಪನ್ಯಾಸಗಳಿಂದ ಆರಂಭಿಸಿ. ಆಮೇಲೆ ‘ತುಣುಕುಗಳು’ ಪುಸ್ತಕದ 1826 ಮತ್ತು 1833ರ ಎರಡು ಮುನ್ನುಡಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿ. ಅದಾದ ಮೇಲೆ ಲರೂ ಮತ್ತು ತೇನ್. ಯಾವ ವಾಕ್ಯವನ್ನು ಟಿಪ್ಪಣಿ ಮಾಡಿಕೊಂಡರೂ ಪಕ್ಕದಲ್ಲಿ ಆವೃತ್ತಿಯ ವರ್ಷ ಬರೆದಿಡಿ.